ಗಾಳಿ ನಿಂತ ಮೇಲೆ: ಗೋವಾಕ್ಕೆ ಹೊಸದಾಗಿ ಬಂದ ಕುಟುಂಬಗಳಿಗೆ

ಗೋವಾಕ್ಕೆ ಬಂದು ಇನ್ನೂ ಒಂದು ಮಳೆಗಾಲವನ್ನೂ ನೋಡದವರಿಗೆ ಇದು. ನಮ್ಮ ಸಂಘದಲ್ಲಿ ಗದಗ, ಬಾಗಲಕೋಟೆ, ಕೊಪ್ಪಳ, ವಿಜಯಪುರದ ಕಡೆಯವರೇ ಜಾಸ್ತಿ. ಮಳೆ ಯಾವಾಗ ಬರುತ್ತೋ ಅಂತ ಮುಗಿಲು ನೋಡುತ್ತಾ ಬೆಳೆದವರು ನಾವು. ಸಮುದ್ರದ ಗಾಳಿ ನಮಗೆ ಗೊತ್ತಿಲ್ಲದ ವಿಷಯ. ಅದಕ್ಕೇ ಚಂಡಮಾರುತ ಬಂದು ಹೋದ ಮೇಲೆ ಏನೇನು ಮಾಡಬೇಕು ಅಂತ ಮೊದಲೇ ಕೂತು ಮಾತಾಡಿಕೊಳ್ಳೋಣ.

ಅರಬ್ಬೀ ಸಮುದ್ರದಲ್ಲಿ ಚಂಡಮಾರುತ ಏಳುವುದು ಹೆಚ್ಚಾಗಿ ಎರಡು ಹೊತ್ತಿನಲ್ಲಿ. ಮಳೆಗಾಲಕ್ಕೆ ಮುಂಚೆ ಮೇ, ಜೂನ್‌ನಲ್ಲಿ ಒಮ್ಮೆ, ಮಳೆಗಾಲ ಮುಗಿದ ಮೇಲೆ ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ ಇನ್ನೊಮ್ಮೆ. 2021ರ ಮೇ 16, ಭಾನುವಾರ ತೌಕ್ತೆ ಬಂದಾಗ ನಾನು ವಾಸ್ಕೋದಲ್ಲಿ ಬಾಡಿಗೆ ಕೋಣೆಯಲ್ಲಿದ್ದೆ. ಆ ಚಂಡಮಾರುತ ಗೋವಾದ ನೆಲವನ್ನು ಮುಟ್ಟಲೇ ಇಲ್ಲ. ಸಮುದ್ರದಲ್ಲೇ ಉತ್ತರಕ್ಕೆ ಸಾಗಿ ಮರುದಿನ ರಾತ್ರಿ ಗುಜರಾತಿನ ದಡಕ್ಕೆ ಬಡಿಯಿತು. ಪಕ್ಕದಲ್ಲಿ ಹಾದುಹೋಗಿದ್ದಕ್ಕೇ ಇಲ್ಲಿ ನೂರಾರು ಮರ ಉರುಳಿದವು, ಕಂಬಗಳು ಬಾಗಿದವು, ಕೆಲವು ಊರುಗಳಿಗೆ ದಿನಗಟ್ಟಲೆ ಕರೆಂಟ್ ಬರಲಿಲ್ಲ. ಕರೆಂಟ್ ಇಲ್ಲ ಅಂದರೆ ಪಂಪ್ ಇಲ್ಲ, ಪಂಪ್ ಇಲ್ಲ ಅಂದರೆ ನಲ್ಲಿಯಲ್ಲಿ ನೀರಿಲ್ಲ.

ಮೇ ತಿಂಗಳ ಗಾಳಿಯ ಕಷ್ಟ ಇಷ್ಟಕ್ಕೇ ಮುಗಿಯೋದಿಲ್ಲ. ಜೂನ್ ಮೊದಲ ವಾರದ ಹೊತ್ತಿಗೆ ಮಳೆಗಾಲ ಬಂದೇ ಬಿಡುತ್ತೆ. ತೌಕ್ತೆಯ ಸಲ ನಮ್ಮ ಕೈಯಲ್ಲಿದ್ದದ್ದು ಮೂರು ವಾರ. ಅಷ್ಟರೊಳಗೆ ಚಾವಣಿ ಮುಚ್ಚಬೇಕು, ಗಟಾರ ತೆಗೆಯಬೇಕು, ಬಾವಿ ಶುದ್ಧ ಮಾಡಬೇಕು. ಇಲ್ಲದಿದ್ದರೆ ಗಾಳಿ ಮಾಡಿದ್ದಕ್ಕಿಂತ ಜಾಸ್ತಿ ಹಾಳು ಮಳೆ ಮಾಡುತ್ತೆ. ಒಂದು ಮನೆಯವರು ಒಬ್ಬರೇ ಇಷ್ಟು ಕೆಲಸ ಮುಗಿಸಲು ಆಗದು. ನಿಮ್ಮ ಅಂಗಳ ಎಷ್ಟು ಗುಡಿಸಿದರೂ ಮೇಲಿನ ಮನೆಯ ಗಟಾರ ಕಟ್ಟಿದ್ದರೆ ನೀರು ನಿಮ್ಮಲ್ಲಿಗೇ ಬರುತ್ತೆ. ಓಣಿಗೆ ಇಲ್ಲಿ ವಾಡೊ ಅಂತಾರೆ. ಕೆಲಸ ಆಗುವುದಾದರೆ ಇಡೀ ವಾಡೊ ಸೇರಿದರೆ ಮಾತ್ರ.

ಬೆಳಗಾಯಿತು ಅಂತ ಓಡಬೇಡಿ

ಗಾಳಿ ತಟ್ಟನೆ ನಿಂತರೆ ಮುಗಿಯಿತು ಅಂದುಕೊಳ್ಳಬೇಡಿ. ಚಂಡಮಾರುತದ ನಡುಭಾಗ ನಿಮ್ಮ ತಲೆಯ ಮೇಲೆ ಬಂದಾಗಲೂ ಎಲ್ಲ ಶಾಂತವಾಗುತ್ತೆ. ಸ್ವಲ್ಪ ಹೊತ್ತಿಗೆ ಎದುರು ದಿಕ್ಕಿನಿಂದ ಮತ್ತೆ ಬೀಸುತ್ತೆ. ಹವಾಮಾನ ಇಲಾಖೆಯವರು ಹೇಳುವವರೆಗೆ ಒಳಗೇ ಇರಿ.

ಹೊರಗೆ ಬಂದ ಮೇಲೆ ಮೊದಲ ಕೆಲಸ ತಲೆ ಎಣಿಸುವುದು. ಎಡಕ್ಕೆ ನಾಲ್ಕು ಮನೆ, ಬಲಕ್ಕೆ ನಾಲ್ಕು ಮನೆ, ಹೆಸರು ಹಿಡಿದು ಕೂಗಿ. ಒಂಟಿ ಅಜ್ಜಿಯರು, ಬಾಣಂತಿಯರು, ರಾತ್ರಿ ಪಾಳಿಗೆ ಹೋದವರು ಎಲ್ಲಿದ್ದಾರೆ ಅಂತ ಕೇಳಿ. ಕಾಲ್ ಹೋಗದಿದ್ದರೆ ಎಸ್ಸೆಮ್ಮೆಸ್ ಹಾಕಿ ನೋಡಿ, ನೆಟ್‌ವರ್ಕ್ ಕಡಿಮೆ ಇದ್ದಾಗಲೂ ಎಷ್ಟೋ ಸಲ ಅದು ತಲುಪುತ್ತೆ.

ನೆಲದ ಮೇಲೆ ಬಿದ್ದ ವೈರ್ ಯಾವುದೇ ಇರಲಿ, ಅದರಲ್ಲಿ ಕರೆಂಟ್ ಇದೆ ಅಂತಲೇ ತಿಳಿಯಿರಿ. ಕೇಬಲ್ ಟಿವಿ ವೈರ್ ಇರಬಹುದು ಅಂತ ಕೋಲಿನಿಂದ ಸರಿಸೋಕೆ ಹೋಗಬೇಡಿ. ಅದು ಬಿದ್ದ ನೀರಿನಲ್ಲೂ ಕಾಲಿಡಬೇಡಿ. ಒಬ್ಬರು ದೂರದಲ್ಲಿ ನಿಂತು ಮಕ್ಕಳನ್ನು ತಡೆಯಲಿ, ಇನ್ನೊಬ್ಬರು 1912ಕ್ಕೆ ಫೋನ್ ಮಾಡಲಿ. ಅದು ವಿದ್ಯುತ್ ಇಲಾಖೆಯ ನಂಬರ್. ಅಗ್ನಿಶಾಮಕ ದಳಕ್ಕೆ 101, ಆಂಬುಲೆನ್ಸಿಗೆ 108, ಏನೂ ತೋಚದಿದ್ದರೆ 112. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟದೆ ರೆಗ್ಯುಲೇಟರ್ ಮುಚ್ಚಿ, ಕಿಟಕಿ ತೆಗೆದು ಹೊರಗೆ ಬಂದು 1906ಕ್ಕೆ ಹೇಳಿ. ಈ ಐದು ನಂಬರನ್ನು ಇವತ್ತೇ ಬಾಗಿಲ ಹಿಂದೆ ಬರೆದು ಅಂಟಿಸಿ, ಫೋನಿನ ಚಾರ್ಜ್ ಮುಗಿದರೂ ಕಣ್ಣಿಗೆ ಕಾಣುತ್ತೆ.

ಮೀಟರ್ ಬೋರ್ಡಿಗೆ ನೀರು ಹೋಗಿದ್ದರೆ ಮೇನ್ ಸ್ವಿಚ್ಚನ್ನೂ ಮುಟ್ಟಬೇಡಿ. ಜನರೇಟರ್ ಇಟ್ಟವರಿಗೆ ಇನ್ನೊಂದು ಮಾತು. ಮೇನ್ ಆಫ್ ಮಾಡದೆ ಜನರೇಟರನ್ನು ಮನೆಯ ವೈರಿಂಗಿಗೆ ಜೋಡಿಸಿದರೆ ಆ ಕರೆಂಟ್ ತಿರುಗಿ ಕಂಬಕ್ಕೆ ಹೋಗುತ್ತೆ. ಕಂಬದ ಮೇಲೆ ನಿಮಗೋಸ್ಕರವೇ ಕೆಲಸ ಮಾಡುತ್ತಿರುವ ಲೈನ್‌ಮನ್ ಜೀವ ಹೋಗಬಹುದು. ಜನರೇಟರ್ ಮನೆಯೊಳಗೂ ಬೇಡ, ಅದರ ಹೊಗೆ ಮಲಗಿದ್ದಲ್ಲೇ ಕೊಲ್ಲುತ್ತೆ.

ಕಸಬರಿಗೆ ಹಿಡಿಯುವ ಮುಂಚೆ ಫೋಟೋ

ನಮ್ಮ ಹೆಣ್ಣುಮಕ್ಕಳಿಗೆ ಹೊಲಸು ಕಂಡರೆ ಕೈ ಸುಮ್ನೆ ಇರೋದಿಲ್ಲ. ಅರ್ಧ ಗಂಟೆ ತಡೆಯಿರಿ. ಹಾರಿದ ಶೀಟು, ಬಿರುಕು ಬಿಟ್ಟ ಗೋಡೆ, ನೆನೆದ ಹಾಸಿಗೆ, ಪಾತ್ರೆ, ಎಲ್ಲದರ ಫೋಟೋ ತೆಗೆಯಿರಿ. ಹೊರಗಿನಿಂದ ಇಡೀ ಮನೆ ಕಾಣುವ ಹಾಗೆ ಒಂದು, ಮನೆ ನಂಬರ್ ಕಾಣುವ ಹಾಗೆ ಒಂದು. ಪರಿಹಾರಕ್ಕೆ ಅರ್ಜಿ ಹೋಗುವುದು ಮಾಮಲೇದಾರ ಕಚೇರಿಗೆ, ನಮ್ಮ ಕಡೆಯ ತಹಶೀಲ್ದಾರ್ ಕಚೇರಿ ಇದ್ದ ಹಾಗೆ. ತಲಾಠಿ, ಅಂದರೆ ಗ್ರಾಮಲೆಕ್ಕಿಗರು, ಬಂದು ಪಂಚನಾಮೆ ಮಾಡುತ್ತಾರೆ. ಅವರು ಬರುವ ಹೊತ್ತಿಗೆ ಮನೆ ತೊಳೆದು ಆಗಿದ್ದರೆ ಫೋಟೋ ಬಿಟ್ಟು ತೋರಿಸಲು ಏನೂ ಉಳಿದಿರೋದಿಲ್ಲ.

ಬಾಡಿಗೆಗೆ ಇರುವವರು ನಮಗೇನು ಸಿಗುತ್ತೆ ಅಂತ ಸುಮ್ಮನಾಗುತ್ತಾರೆ. ಹಾಗೆ ಮಾಡಬೇಡಿ. ಗೋಡೆ, ಚಾವಣಿ ಮಾಲೀಕರದ್ದು. ಆದರೆ ಒಳಗಿನ ಬಟ್ಟೆ, ಪಾತ್ರೆ, ಹೊಲಿಗೆ ಮಿಷಿನ್ ನಿಮ್ಮದೇ ಅಲ್ವಾ? ಅರ್ಜಿಯಲ್ಲಿ ಅದನ್ನು ಬೇರೆಯಾಗಿ ಬರೆಸಿ. ನೀವು ಆ ಮನೆಯಲ್ಲೇ ಇದ್ದಿರಿ ಅಂತ ತೋರಿಸಲು ಕಾಗದ ಬೇಕಾಗುತ್ತೆ. ಬಾಡಿಗೆ ಕರಾರು, ಪೊಲೀಸ್ ಠಾಣೆಗೆ ಕೊಟ್ಟ ಬಾಡಿಗೆದಾರರ ಫಾರ್ಮಿನ ಪ್ರತಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಸೇರಿಸಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮುಚ್ಚಳ ಬಿಗಿ ಇರುವ ಸ್ಟೀಲ್ ಡಬ್ಬಿಯಲ್ಲಿ ಇಡಿ. ನನ್ನದು ಹಾಸಿಗೆ ಕೆಳಗೆ ಇತ್ತು. ಮೂರು ಕಾಗದ ಒಂದಕ್ಕೊಂದು ಅಂಟಿಕೊಂಡು ಬಿಡಿಸುವಾಗ ಹರಿದವು. ಹೊಸ ಪ್ರತಿಗೆ ಒಂದು ಕಚೇರಿಗೆ ಆರು ಸಲ ಅಲೆದೆ, ಆರು ದಿನದ ಕೂಲಿ ಹೋಯಿತು. ಅರ್ಜಿಯನ್ನು ಕೊಂಕಣಿ, ಮರಾಠಿ ಇಲ್ಲವೇ ಇಂಗ್ಲಿಷಿನಲ್ಲಿ ಬರೆಯಬೇಕಾದರೆ ಸಂಘಕ್ಕೆ ಬನ್ನಿ, ಕೂತು ಬರೆದುಕೊಡುತ್ತೇವೆ. ದುಡ್ಡು ಏನೂ ಬೇಡ.

ಬಿದ್ದ ಮರ

ತೌಕ್ತೆ ಬಂದಾಗ ನಮ್ಮ ವಾಡೊಗೆ ಬರುವ ದಾರಿಗೆ ಅಡ್ಡಲಾಗಿ ಹಲಸಿನ ಮರ ಬಿದ್ದಿತ್ತು. ಇನ್ನೂ ಎಳೆ ಕಾಯಿ ತುಂಬಿದ್ದ ಮರ. ಊರಲ್ಲಿ ಜಾಲಿ ಕಡಿದ ಕೈ ನನ್ನದು, ಕೊಡಲಿ ತಗೊಂಡು ನೇರ ಬೊಡ್ಡೆಗೇ ಹೋದೆ. ಪಕ್ಕದ ಮನೆಯ ಅಂಕಲ್ ತೋಳು ಹಿಡಿದು ಎಳೆದರು. ಬಾಗಿ ನಿಂತಿದ್ದ ಒಂದು ಕೊಂಬೆ ತೋರಿಸಿದರು. ಇಡೀ ಮರದ ಭಾರ ಅದರ ಮೇಲಿತ್ತು, ಬಿಲ್ಲಿನ ಹಾಗೆ ಬಿಗಿದಿತ್ತು. ನಾನು ಬೊಡ್ಡೆಗೆ ಏಟು ಹಾಕಿದ್ದರೆ ಅದು ಚಿಮ್ಮಿ ನನ್ನ ಎದೆಗೇ ಬಡಿಯುತ್ತಿತ್ತು. ಅವರು ತುದಿಯಿಂದ ಶುರು ಮಾಡಿದರು. ಮೊದಲು ಕೊಯ್ತೆ ಅನ್ನುವ ಮಚ್ಚಿನಿಂದ ಸಣ್ಣ ರೆಂಬೆ, ಆಮೇಲೆ ಗರಗಸದಿಂದ ಕೈಗಾತ್ರದ ಕೊಂಬೆ. ಒಂದೊಂದು ಕಡಿಯುವ ಮುಂಚೆಯೂ ಹಿಂದೆ ಸರಿದು ನೋಡುತ್ತಿದ್ದರು. ಬೊಡ್ಡೆಯನ್ನು ಅಗ್ನಿಶಾಮಕ ದಳದವರಿಗೇ ಬಿಟ್ಟರು. ಸಂಜೆಯ ಹೊತ್ತಿಗೆ ಬೈಕ್ ಹೋಗುವಷ್ಟು ದಾರಿ ಆಯಿತು. ಅವರ ಮನೆಯಿಂದ ಪೇಜ್ ಬಂತು, ಅಂದರೆ ಗಂಜಿ, ಜೊತೆಗೆ ಮಾವಿನಮಿಡಿ ಉಪ್ಪಿನಕಾಯಿ. ಮಾಸ್ಕ್ ಹಾಕಿಕೊಂಡು ದೂರ ದೂರ ಕೂತು ಉಂಡೆವು. ಅದು ಕೋವಿಡ್ ಕಾಲ.

ಮರದ ಮೇಲೆ ವೈರ್ ಇದ್ದರೆ ಎಲೆಯನ್ನೂ ಮುಟ್ಟಬೇಡಿ. ಬೀಳದೆ ವಾಲಿ ನಿಂತ ಮರವನ್ನು ನೀವೇ ಕಡಿಯುವ ಹಾಗಿಲ್ಲ. ಗೋವಾದಲ್ಲಿ 1984ರಿಂದ ಮರಗಳ ರಕ್ಷಣೆಗೆ ಕಾನೂನು ಇದೆ, ಅರಣ್ಯ ಇಲಾಖೆಯ ಅನುಮತಿ ಬೇಕು. ಅಪಾಯ ಇದೆ ಅಂತ ಪಂಚಾಯತಿಗೆ, 101ಕ್ಕೆ ತಿಳಿಸಿ. ಕಡಿದ ಕೊಂಬೆಯನ್ನು ರಸ್ತೆಯ ಒಂದೇ ಬದಿಗೆ ರಾಶಿ ಹಾಕಿ, ಗಟಾರದ ಮೇಲೆ ಬೇಡ. ಪ್ಲಾಸ್ಟಿಕ್ ಬೇರೆ, ಒಡೆದ ಗಾಜು, ತಗಡು ಬೇರೆ. ಸುಡಬೇಡಿ.

ಫೋನಿನಲ್ಲಿ ಹೇಳಲು ಕೊಂಕಣಿಯ ನಾಲ್ಕು ಮಾತು ಕಲಿತುಕೊಳ್ಳಿ. ‘ಝಾಡ್ ಪಡ್ಲಾಂ’ ಅಂದರೆ ಮರ ಬಿದ್ದಿದೆ. ‘ಲಾಯ್ಟ್ ನಾ’, ಕರೆಂಟ್ ಇಲ್ಲ. ‘ಉದಕ್ ನಾ’, ನೀರಿಲ್ಲ. ಕೆಲಸ ಆದ ಮೇಲೆ ‘ದೇವ್ ಬರೆಂ ಕರುಂ’, ದೇವರು ಒಳ್ಳೇದು ಮಾಡಲಿ. ಇಲ್ಲಿ ಧನ್ಯವಾದ ಹೇಳುವುದು ಹಾಗೆ.

ಚಾವಣಿ, ಮತ್ತೆ ಕೂಲಿಗೆ ಹೋಗುವವರು

ಗಾಳಿಯ ಮಾರನೇ ದಿನ ನಮ್ಮ ಹುಡುಗರಿಗೆ ಕೆಲಸಕ್ಕೆ ಬರವಿಲ್ಲ. ಎಲ್ಲರಿಗೂ ಹೆಂಚು ಹೊದಿಸುವವರು, ಮರ ಎತ್ತುವವರು ಬೇಕು. ದುಡಿಯಿರಿ, ಒಳ್ಳೇದೇ. ಆದರೆ ಕೂಲಿ ಎಷ್ಟು ಅಂತ ಮೊದಲೇ ಮಾತಾಡಿ, ಗಮ್‌ಬೂಟ್ ಮತ್ತು ದಪ್ಪ ಕೈಗವಸು ಕೇಳಿ ಪಡೆಯಿರಿ. ನೆನೆದ ಮಂಗಳೂರು ಹೆಂಚು ಪಾಚಿ ಕಲ್ಲಿನ ಹಾಗೆ ಜಾರುತ್ತೆ. ಹೆಂಚಿನ ಮೇಲೆ ಕಾಲಿಡಬೇಡಿ. ಕೆಳಗಿನ ಮರದ ಪಕ್ಕಾಸಿ ಎಲ್ಲಿದೆ ನೋಡಿ, ಅದರ ಮೇಲೆ ಹಲಗೆ ಅಡ್ಡ ಹಾಕಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡೇ ಹತ್ತಿ. ಸಿಮೆಂಟ್ ಶೀಟ್ ಇನ್ನೂ ಮೋಸದ್ದು. ಗಟ್ಟಿ ಕಾಣುತ್ತೆ, ನಡುವೆ ಕಾಲಿಟ್ಟರೆ ಮುರಿದು ಮನುಷ್ಯ ಒಳಗೇ ಬೀಳುತ್ತಾನೆ. ಹಳೆಯ ಶೀಟಿನಲ್ಲಿ ಆಸ್ಬೆಸ್ಟಾಸ್ ಇರುತ್ತೆ, ಅದರ ಪುಡಿ ಶ್ವಾಸಕೋಶಕ್ಕೆ ವಿಷ. ಒಡೆದ ತುಂಡಿಗೆ ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಂಡೇ ಎತ್ತಿ. ಅದನ್ನು ಕೊಯ್ಯಬೇಡಿ, ಪುಡಿ ಮಾಡಬೇಡಿ.

ಒಬ್ಬನೇ ಒಬ್ಬ ಹುಡುಗ ಚಾವಣಿಯಿಂದ ಬಿದ್ದರೂ ಊರಲ್ಲಿ ಒಂದು ಕುಟುಂಬವೇ ನೆಲ ಕಚ್ಚುತ್ತೆ. ಮೇಸ್ತ್ರಿ ಅವಸರ ಮಾಡಿದರೆ ಇಳಿದು ಬನ್ನಿ. ಸಂಘ ನಿಮ್ಮ ಪರ ಮಾತಾಡುತ್ತೆ.

ಪೂರ್ತಿ ರಿಪೇರಿ ಆಗದಿದ್ದರೂ ತಾಡಪತ್ರಿ ಹೊದಿಸಿ, ಅಂಚಿಗೆ ಮರಳು ಚೀಲ ಇಟ್ಟು ಕಟ್ಟಿ. ಹೋದ ಸಲ ಅಂಗಡಿಯಲ್ಲಿ ತಾಡಪತ್ರಿಯೇ ಸಿಗದೆ ಪರದಾಡಿದೆವು. ಏಪ್ರಿಲ್‌ನಲ್ಲೇ ಒಂದು ತಂದಿಡಿ.

ಕೆಸರು, ಬಾವಿ, ಜೋಳದ ಚೀಲ

ಇಲ್ಲಿನ ಕೆಂಪು ಕೆಸರು ಹಸಿ ಇದ್ದಾಗ ಸಲಿಕೆಗೆ ಬರುತ್ತೆ, ಒಣಗಿದರೆ ಗಾರೆಯಾಗುತ್ತೆ. ಹಾಗಾಗಿ ನೆಲದ ಕೆಸರನ್ನು ಮೊದಲ ದಿನವೇ ತಳ್ಳಿ. ಕಟ್ಟಿಗೆ ರಾಶಿ, ಹೆಂಚಿನ ರಾಶಿಗೆ ಬರಿಗೈ ಹಾಕಬೇಡಿ, ಹಾವು ಅಲ್ಲೇ ಸೇರಿಕೊಂಡಿರುತ್ತೆ. ಮೊದಲು ಉದ್ದ ಕೋಲಿನಿಂದ ತಟ್ಟಿ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಬೇಡ. ಕೈಕಾಲು ಅಲ್ಲಾಡಿಸದೆ 108ರಲ್ಲಿ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ತೊಳೆಯುವಾಗ ಬ್ಲೀಚಿಂಗ್ ಪೌಡರಿಗೆ ಟಾಯ್ಲೆಟ್ ಆ್ಯಸಿಡ್ ಬೆರೆಸಬೇಡಿ, ವಿಷದ ಗಾಳಿ ಏಳುತ್ತೆ.

ಬಾವಿಗೆ ಗಟಾರದ ನೀರು ನುಗ್ಗಿದ್ದರೆ ಮೊದಲು ತಿಳಿ ಆಗುವವರೆಗೆ ನೀರೆತ್ತಬೇಕು. ತಿಳಿ ನೀರಿನ ಲೆಕ್ಕ ಹೀಗೆ: 1,000 ಲೀಟರಿಗೆ ಒಳ್ಳೆಯ ಬ್ಲೀಚಿಂಗ್ ಪೌಡರ್ ಸುಮಾರು 2.5 ಗ್ರಾಂ. 2 ಮೀಟರ್ ಅಗಲದ ಬಾವಿಯಲ್ಲಿ 4 ಮೀಟರ್ ನೀರಿದ್ದರೆ ಅದು ಸುಮಾರು 12,500 ಲೀಟರ್, ಅಂದರೆ 30 ಗ್ರಾಂ ಚಿಲ್ಲರೆ. ಪುಡಿಯನ್ನು ಹಾಗೇ ಸುರಿಯಬೇಡಿ. ಬಕೆಟ್ಟಿನಲ್ಲಿ ಕಲಸಿ, ಹತ್ತು ನಿಮಿಷ ಬಿಟ್ಟು, ಸುಣ್ಣ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯನ್ನಷ್ಟೇ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ. ಆ ಬಕೆಟ್ಟನ್ನು ಹಗ್ಗದಿಂದ ಬಾವಿಗೆ ಇಳಿಸಿ ನೀರಿನೊಳಗೆ ಮೇಲೆ ಕೆಳಗೆ ಆಡಿಸಿ. ಒಂದು ಗಂಟೆ ಯಾರೂ ಸೇದಬಾರದು. ಗಟಾರದ ನೀರು, ಪ್ರವಾಹ ನುಗ್ಗಿದ ಬಾವಿಗೆ ಈ ಅಳತೆಯೊಂದೇ ಸಾಲದು, ಆರೋಗ್ಯ ಕೇಂದ್ರದವರನ್ನು ಕರೆಸಿ ನೋಡಿಸಿ. ಅವರು ಸರಿ ಅನ್ನುವವರೆಗೆ ಕುಡಿಯುವ ನೀರನ್ನು ಕೊತಕೊತ ಕುದಿಸಿಯೇ ಕುಡಿಯಿರಿ.

ಊರಿಂದ ತಂದ ಜೋಳದ ಚೀಲದ ಬಗ್ಗೆ ಎಲ್ಲರೂ ಕೇಳುತ್ತಾರೆ. ಚಾವಣಿ ಸೋರಿ ಮೇಲೆ ಮಾತ್ರ ನೆನೆದಿದ್ದರೆ ಅವತ್ತೇ ಹರವಿ ಒಣಗಿಸಿ. ಮುಗ್ಗಲು ವಾಸನೆ ಬಂದರೆ, ಮುಷ್ಟಿಯಲ್ಲಿ ಹಿಡಿದಾಗ ಗಂಟು ಕಟ್ಟಿದರೆ ಬೇಡ. ನೆಲದ ಕೊಳಕು ನೀರು ತಾಗಿದ ಜೋಳವನ್ನು ಎಷ್ಟೇ ತೊಳೆದರೂ ತಿನ್ನಬಾರದು. ಅವ್ವ ಕಟ್ಟಿ ಕೊಟ್ಟದ್ದನ್ನು ಚೆಲ್ಲಲು ಹೊಟ್ಟೆ ಉರಿಯುತ್ತೆ, ನನಗೂ ಉರಿದಿದೆ. ಆದರೂ ಚೆಲ್ಲಿ. ಸಂಘದ ಅಡಿಗೆಮನೆಯಲ್ಲಿ ನಿಮಗೆ ರೊಟ್ಟಿ ಇದ್ದೇ ಇರುತ್ತೆ.

ಮುಂದಿನ ನಾಲ್ಕು ವಾರ

ವಾರಕ್ಕೊಂದು ದಿನ ವಾಡೊದವರು ಸೇರಿ ನಿಂತ ನೀರು ಹುಡುಕಿ ಚೆಲ್ಲಬೇಕು. ಎಳನೀರಿನ ಚಿಪ್ಪು, ಟೈರ್, ತಾಡಪತ್ರಿಯ ಮಡಿಕೆ, ಬಿದ್ದ ಹೆಂಚಿನ ಕುಳಿ. ಡೆಂಗಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರಲು ಒಂದು ವಾರ, ಹತ್ತು ದಿನ ಸಾಕು.

ಕೆಸರಲ್ಲಿ ಇಲಿಯ ಮೂತ್ರ ಬೆರೆತಿರುತ್ತೆ. ಕಾಲಲ್ಲಿ ಸಣ್ಣ ಗಾಯ ಇದ್ದರೂ ಅಲ್ಲಿಂದ ಇಲಿ ಜ್ವರ ಒಳಗೆ ಹೋಗುತ್ತೆ. ಗಾಯ ಇರುವವರು ಗಮ್‌ಬೂಟ್ ಇಲ್ಲದೆ ಇಳಿಯಬೇಡಿ. ಮುಂಚೆಯೇ ಮಾತ್ರೆ ಬೇಕಾ ಅಂತ ಡಾಕ್ಟರನ್ನು ಕೇಳಿ, ನೀವಾಗಿ ತಗೊಳ್ಳಬೇಡಿ. ಕೆಸರಿಗೆ ಇಳಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಸಾಮಾನ್ಯವಾಗಿ ಈ ಜ್ವರ ಒಂದೆರಡು ವಾರದಲ್ಲಿ ಕಾಣಿಸುತ್ತೆ, ಕೆಲವರಿಗೆ ತಿಂಗಳಾಗಬಹುದು. ಮೈಕೈ ನೋವು, ಮೀನಖಂಡ ಸೆಳೆತ, ಕಣ್ಣು ಕೆಂಪು ಆದರೆ ಮೆಡಿಕಲ್ ಶಾಪಿನ ಗುಳಿಗೆ ನುಂಗಿ ಕೆಲಸಕ್ಕೆ ಹೋಗಬೇಡಿ. ಆರೋಗ್ಯ ಕೇಂದ್ರಕ್ಕೆ ಹೋಗಿ, ಡಾಕ್ಟರು ಕೇಳದಿದ್ದರೂ ನೀವೇ ಹೇಳಿ: ಇಂಥ ದಿನ ಕೆಸರಲ್ಲಿ ಕೆಲಸ ಮಾಡಿದ್ದೆ ಅಂತ. ಭಾಷೆ ಬರದಿದ್ದರೆ ಸಂಘದಿಂದ ಒಬ್ಬರು ಜೊತೆಗೆ ಬರುತ್ತಾರೆ, ರಾತ್ರಿಯಾದರೂ ಸರಿ.