ವೈ-ಡಿಎನ್‌ಎ ಪರೀಕ್ಷೆ: ಅಪ್ಪನ ಕಡೆಯ ಬೇರು ಹುಡುಕುವುದು ಹೇಗೆ?

ವೈ ಕ್ರೋಮೋಸೋಮ್ (ಗಂಡಸರ ಜೀವಕೋಶದಲ್ಲಿರುವ ಒಂದು ಡಿಎನ್‌ಎ ಎಳೆ) ಅಪ್ಪನಿಂದ ಮಗನಿಗಷ್ಟೇ ದಾಟುತ್ತದೆ. ಹಾಗಾಗಿ ಹೆಣ್ಣುಮಕ್ಕಳು ಅಪ್ಪ, ಅಣ್ಣತಮ್ಮ ಅಥವಾ ಚಿಕ್ಕಪ್ಪನ ಮಾದರಿ ಕೊಡಿಸಬೇಕು. ಸೋದರಮಾವನದು ನಡೆಯದು; ಅದು ತಾಯಿಯ ತಂದೆಯ ವಂಶ.

ಮಾದರಿಗೆ ಒಂದು ಗಂಟೆ ಮುಂಚಿನಿಂದ ಊಟ, ಕಾಫಿ, ಎಲೆಅಡಿಕೆ ಬೇಡ. ಮಾದರಿ ತೆಗೆಯುವ ಕಡ್ಡಿಯ ತುದಿ ಮುಟ್ಟದೆ, ಕೆನ್ನೆಯ ಒಳಭಾಗಕ್ಕೆ ಒತ್ತಿ ಸುಮಾರು ಒಂದು ನಿಮಿಷ ಉಜ್ಜಿ. ಬೇಕಿರುವುದು ಬರೀ ಎಂಜಲಲ್ಲ, ಕೆನ್ನೆಯ ಜೀವಕೋಶ. ಮೆಲ್ಲಗೆ ಸವರಿದರೆ ಡಿಎನ್‌ಎ ಸಾಲದೆ ಮತ್ತೆ ಕಳಿಸಬೇಕಾದೀತು.

37 ಮಾರ್ಕರ್‌ಗಳ (ಡಿಎನ್‌ಎಯ ಗೊತ್ತಾದ ಜಾಗಗಳ) ಎಸ್‌ಟಿಆರ್ ಪರೀಕ್ಷೆ ಅಲ್ಲಿ ಚಿಕ್ಕ ತುಣುಕುಗಳು ಎಷ್ಟು ಸಲ ಮರುಕಳಿಸಿವೆ ಎಂದು ಎಣಿಸಿ, ಹ್ಯಾಪ್ಲೊಗ್ರೂಪನ್ನು (ಬಹು ಹಿಂದಿನ ಒಬ್ಬ ಮೂಲಪುರುಷನಿಂದ ಬಂದ ವಂಶಗುಂಪನ್ನು) ಅಂದಾಜು ಮಾಡುತ್ತದೆ, ಅಷ್ಟೆ. ಆ ಗುಂಪಿನ ಉಪಶಾಖೆ ಖಚಿತವಾಗಲು, ಡಿಎನ್‌ಎಯ ಒಂದೊಂದು ಅಕ್ಷರದ ಬದಲಾವಣೆಯನ್ನು ನೋಡುವ ಬಿಗ್ ವೈ-700ರಂಥ ಎಸ್‌ಎನ್‌ಪಿ ಪರೀಕ್ಷೆಯೇ ಬೇಕು. ದಕ್ಷಿಣ ಭಾರತದಲ್ಲಿ ಎಚ್, ಎಲ್, ಆರ್1ಎ, ಆರ್2, ಜೆ2 ಎಂಬ ಹ್ಯಾಪ್ಲೊಗ್ರೂಪ್‌ಗಳು ಹೆಚ್ಚಾಗಿ ಕಾಣುತ್ತವೆ. ಒಂದೇ ಜಾತಿಯಲ್ಲೂ ಹಲವು ಗುಂಪುಗಳಿರುತ್ತವೆ. ಇದರಿಂದ ಜಾತಿ, ಗೋತ್ರ ಹೇಳಲಾಗದು. ದತ್ತು ಬಂದಿದ್ದ ಸಂಗತಿ ಹೊರಬೀಳಬಹುದು. ಮಾದರಿ ಕೊಡುವವರಿಗೆ ಇದನ್ನು ಮೊದಲೇ ತಿಳಿಸಿ.