ಅಡಿಕೆ ಅಂಗಡಿಯ ಹಳೆ ಲೆಕ್ಕವನ್ನು ಹೊಸ ಸಾಫ್ಟ್‌ವೇರಿಗೆ ಸಾಗಿಸುವ ಬಗೆ

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯ ಹಳೆಯ ಅಡಿಕೆ ಅಂಗಡಿಗಳಲ್ಲಿ ಲೆಕ್ಕವೆಲ್ಲ ಒಂದೇ ಕಡೆ ಇರುವುದು ಅಪರೂಪ. ತೂಕದ ಚೀಟಿ ಫಾಕ್ಸ್‌ಪ್ರೋ ಎಂಬ ಹಳೆ ಡೇಟಾಬೇಸ್ ಸಾಫ್ಟ್‌ವೇರಿನಲ್ಲಿ ಬರೆಸಿದ ಪ್ರೋಗ್ರಾಮಿನಲ್ಲಿರುತ್ತದೆ, 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದ ಮೇಲಿನ ಬಿಲ್ಲುಗಳು ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರಿನಲ್ಲಿರುತ್ತವೆ, ಎರಡರಲ್ಲೂ ಹಿಡಿಸದ ಮುಂಗಡ, ಕೈಸಾಲಗಳು ಎಕ್ಸೆಲ್ ಹಾಳೆಗಳಲ್ಲಿರುತ್ತವೆ. ಇವನ್ನೆಲ್ಲ ಒಂದು ಹೊಸ ವ್ಯವಸ್ಥೆಗೆ ತರುವಾಗ ಸಾಫ್ಟ್‌ವೇರ್ ಹಾಕಲು ಒಂದು ದಿನ ಸಾಕು. ತಿಂಗಳುಗಟ್ಟಲೆ ಹಿಡಿಯುವುದು ಹೆಸರುಗಳು ಮತ್ತು ಬಾಕಿಗಳು. ಕೃಷಿಕರೊಬ್ಬರ ಜಮೆಯಲ್ಲಿ ಐನೂರು ರೂಪಾಯಿ ಕಡಿಮೆ ಕಂಡರೆ ಆ ಮನೆಯ ಅಡಿಕೆ ಮುಂದಿನ ವರ್ಷ ಬೇರೆ ಅಂಗಡಿಗೆ ಹೋಗುತ್ತದೆ. ಆದ್ದರಿಂದ ಯೋಜನೆಯ ಮುಕ್ಕಾಲು ಪಾಲು ಸಮಯವನ್ನು ಈ ಎರಡಕ್ಕೇ ಮೀಸಲಿಡಿ. ಏಪ್ರಿಲ್ 1ಕ್ಕೆ ಬದಲಾಯಿಸುವುದಿದ್ದರೆ ಕೆಲಸ ಡಿಸೆಂಬರಿನಲ್ಲೇ ಶುರುವಾಗಬೇಕು.

ಏನನ್ನು ತರಬೇಕು, ಏನನ್ನು ಬಿಡಬೇಕು

ಹದಿನೈದು ವರ್ಷದ ವೋಚರುಗಳನ್ನೆಲ್ಲ (ಒಂದೊಂದು ವ್ಯವಹಾರದ ದಾಖಲೆಗಳನ್ನೆಲ್ಲ) ತರುತ್ತೇವೆಂದು ಹೊರಡುವುದೇ ಹೆಚ್ಚಿನವರು ಮಾಡುವ ಮೊದಲ ತಪ್ಪು. ಹೊಸದಕ್ಕೆ ಬೇಕಾಗುವುದು ಇಷ್ಟು: ಕಳೆದ ಎರಡು ಹಣಕಾಸು ವರ್ಷಗಳಲ್ಲಿ ಒಮ್ಮೆಯಾದರೂ ವ್ಯವಹಾರ ಮಾಡಿದ ಖಾತೆಗಳು, ವ್ಯವಹಾರ ನಿಂತಿದ್ದರೂ ಬಾಕಿ ಉಳಿದಿರುವ ಖಾತೆಗಳು, ಸರಕಿನ ಪಟ್ಟಿ, ಗೋದಾಮುವಾರು ದಾಸ್ತಾನು, ಬಿಲ್ಲುವಾರು ಬರಬೇಕಾದ ಮತ್ತು ಕೊಡಬೇಕಾದ ಹಣ. ದರ ಕಡಿಯದೆ (ನಿಗದಿ ಮಾಡದೆ) ಕೃಷಿಕರು ಬಿಟ್ಟುಹೋದ ಅಡಿಕೆ ಇದ್ದರೆ ಅದಕ್ಕೆ ಪ್ರತ್ಯೇಕ ಪಟ್ಟಿ ಬೇಕು. ಅದು ಗೋದಾಮಿನಲ್ಲಿದ್ದರೂ ನಿಮ್ಮ ದಾಸ್ತಾನಲ್ಲ, ನಿಮ್ಮ ಸರಕಿನ ಬೆಲೆಯಲ್ಲಿ ಸೇರಿಸಿಬಿಟ್ಟರೆ ಲಾಭದ ಲೆಕ್ಕವೇ ತಪ್ಪುತ್ತದೆ.

ಹಳೆ ವೋಚರುಗಳನ್ನು ಹಳೆ ವ್ಯವಸ್ಥೆಯಲ್ಲೇ, ತಿದ್ದಲಾಗದಂತೆ, ಓದಲು ಮಾತ್ರ ಉಳಿಸಿಕೊಳ್ಳಿ. ಪೈಪು, ಪಂಪುಸೆಟ್ಟು ಕೂಡ ಮಾರುವ ಅಂಗಡಿಗಳ ಪುಸ್ತಕದಲ್ಲಿ 2019ರ ಆಗಸ್ಟ್ 1ರಿಂದ 2021ರ ಜುಲೈ 31ರವರೆಗೆ ಕೇರಳ ಪ್ರವಾಹ ಸೆಸ್ಸಿನ ಲೆಡ್ಜರ್ ಇರುತ್ತದೆ. ಇಂಥವಕ್ಕೆ ಹೊಸದರಲ್ಲಿ ಜಾಗ ಮಾಡಲು ಹೋದರೆ ತೆರಿಗೆಯ ಕಾಲಂಗಳೆಲ್ಲ ಸುಮ್ಮನೆ ಗೋಜಲಾಗುತ್ತವೆ.

ಹೆಸರು: ಒಬ್ಬರು, ಐದು ಖಾತೆ

ಕಾಸರಗೋಡಿನ ಡೇಟಾಕ್ಕೆ ಬೇರೆ ಊರಿನಲ್ಲಿಲ್ಲದ ಒಂದು ತೊಡಕುಂಟು. ಒಬ್ಬರ ಹೆಸರೇ ತೂಕದ ಚೀಟಿಯಲ್ಲಿ ಕನ್ನಡದಲ್ಲಿ, ಪಾಸ್‌ಬುಕ್ಕಿನಲ್ಲಿ ಇಂಗ್ಲಿಷಿನಲ್ಲಿ, ಭೂದಾಖಲೆಯಲ್ಲಿ ಮಲಯಾಳದಲ್ಲಿ ಇರುತ್ತದೆ. ಕುಂಞಿರಾಮ ಎಂಬ ಹೆಸರಿನ ‘ಞ’ಕಾರವನ್ನು ಇಂಗ್ಲಿಷಿನಲ್ಲಿ ಒಬ್ಬರು ಎನ್-ಎಚ್ ಎಂದು ಬರೆದರೆ ಇನ್ನೊಬ್ಬರು ಎನ್-ಜೆ ಎಂದು ಬರೆಯುತ್ತಾರೆ. ಮೊಯ್ದು, ಮೊಯ್ದೀನ್, ಮೊಹಿದ್ದೀನ್ ಮೂರು ಖಾತೆಗಳಾಗಿ ಕುಳಿತಿರಬಹುದು. ಊರಿನ ಹೆಸರೂ ಹಾಗೆಯೇ: ಹೊಸದುರ್ಗ ಒಂದು ಚೀಟಿಯಲ್ಲಿ, ಕಾಞಂಗಾಡ್ ಇನ್ನೊಂದರಲ್ಲಿ.

ಹೆಸರಿನಿಂದ ಹೆಸರಿಗೆ ತಾಳೆ ನೋಡುವ ದಾರಿ ಇಲ್ಲಿ ಕೈಕೊಡುತ್ತದೆ. ಮೊದಲು ಮೊಬೈಲ್ ನಂಬರಿನ ಕೊನೆಯ 10 ಅಂಕೆಗಳಿಂದ ಗುಂಪು ಮಾಡಿ. ನಂತರ ಬ್ಯಾಂಕ್ ಖಾತೆ ಸಂಖ್ಯೆಯಿಂದ, ಆಮೇಲೆ ಮನೆಹೆಸರು ಮತ್ತು ಪಿನ್‌ಕೋಡ್ ಜೋಡಿಸಿ. ಹೀಗೆ ಸಿಕ್ಕಿದವು ಅನುಮಾನದ ಜೋಡಿಗಳು ಮಾತ್ರ. ಅಪ್ಪ, ಮಗ ಒಂದೇ ಮೊಬೈಲ್ ಕೊಟ್ಟಿರುವುದು ಇಲ್ಲಿ ಸಾಮಾನ್ಯ, ಎರಡು ಖಾತೆ ಬೇಕೆಂದೇ ಇಟ್ಟುಕೊಂಡವರೂ ಇದ್ದಾರೆ. ಕಂಪ್ಯೂಟರ್ ತಾನಾಗಿಯೇ ಖಾತೆ ಕೂಡಿಸಲು ಬಿಡಬೇಡಿ. ಪಟ್ಟಿಯನ್ನು ಮುದ್ರಿಸಿ, ತೂಕದ ಹತ್ತಿರ ಹತ್ತಾರು ವರ್ಷ ನಿಂತವರ ಕೈಗೆ ಕೊಡಿ. ಯಾರು ಯಾರೆಂದು ಅವರಿಗೆ ಗೊತ್ತಿರುವಷ್ಟು ಯಾವ ಪ್ರೋಗ್ರಾಮಿಗೂ ಗೊತ್ತಿಲ್ಲ.

ಲಿಪಿಯ ಪರಿವರ್ತನೆಗೆ ಬೇರೆಯೇ ಎಚ್ಚರ ಬೇಕು. ನುಡಿ ಅಥವಾ ಬರಹದ ಹಳೆ ಫಾಂಟಿನಲ್ಲಿ ತುಂಬಿದ ಹೆಸರು ಕಡತದೊಳಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲಾಗಿರುತ್ತದೆ. ಫಾಂಟ್ ಇದ್ದಾಗ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ. ಎಲ್ಲ ಲಿಪಿಗಳಿಗೂ ಸೇರಿದ ಸಂಕೇತಪಟ್ಟಿಯಾದ ಯುನಿಕೋಡಿಗೆ ತಿರುಗಿಸಲು ಪರಿವರ್ತಕಗಳಿವೆ, ಆದರೆ ಅವು ಮುಗ್ಗರಿಸುವ ಜಾಗಗಳು ಎರಡು. ಮೊದಲನೆಯದು ಅರ್ಕಾವತ್ತು: ಹಳೆ ಫಾಂಟುಗಳಲ್ಲಿ ಅದನ್ನು ಅಕ್ಷರದ ನಂತರ ಒತ್ತುತ್ತಿದ್ದರು, ಯುನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ಶರ್ಮ, ಪಾರ್ವತಿ, ಮೂರ್ತಿ, ಸೂರ್ಯ ಎಂಬ ಹೆಸರುಗಳನ್ನು ಹುಡುಕಿ ಒಂದೊಂದಾಗಿ ನೋಡಿ. ಎರಡನೆಯದು ಕಲಬೆರಕೆ: ಕನ್ನಡದ ಕಾಲಂನಲ್ಲೇ ಯಾರೋ ಇಂಗ್ಲಿಷಿನಲ್ಲಿ ಇನಿಷಿಯಲ್ ಹೊಡೆದಿದ್ದರೆ ಪರಿವರ್ತಕ ಅದನ್ನೂ ಕನ್ನಡವೆಂದು ತಿಳಿದು ಅರ್ಥವಿಲ್ಲದ ಅಕ್ಷರ ಮಾಡುತ್ತದೆ. ಪರಿವರ್ತನೆಯ ಮೊದಲಿನ ರೂಪವನ್ನು ಪಕ್ಕದ ಕಾಲಂನಲ್ಲಿ ಹಾಗೆಯೇ ಇಟ್ಟುಕೊಂಡರೆ ಹಿಂದೆ ಹೋಗಿ ನೋಡಬಹುದು.

ಮಲಯಾಳದಲ್ಲಿ ಯುನಿಕೋಡಿನೊಳಗೇ ಬಿಕ್ಕಟ್ಟುಂಟು. ನಾಯರ್, ರಾಮನ್ ಮುಂತಾದ ಹೆಸರುಗಳ ಕೊನೆಯಲ್ಲಿ ಬರುವ ಚಿಲ್ಲು ಅಕ್ಷರಗಳಿಗೆ (ಸ್ವರವಿಲ್ಲದ ವ್ಯಂಜನದ ವಿಶೇಷ ರೂಪಗಳಿಗೆ) 2008ರ ಯುನಿಕೋಡ್ 5.1ರಲ್ಲಿ ಸ್ವಂತ ಸಂಕೇತ ಬಂತು. ಅದಕ್ಕಿಂತ ಹಿಂದೆ ವ್ಯಂಜನ, ಚಂದ್ರಕ್ಕಲ (ಮಲಯಾಳದ ಅರ್ಧಾಕ್ಷರ ಚಿಹ್ನೆ) ಮತ್ತು ಕಾಣದ ಒಂದು ಜೋಡಕ ಸೇರಿಸಿ ಬರೆಯುತ್ತಿದ್ದರು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಹುಡುಕಿದರೆ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ಕನ್ನಡದ ‘ಕೀ’ಯಂಥ ದೀರ್ಘದ ಎರಡು ಬಗೆಯ ಸಂಕೇತಗಳನ್ನು ಯುನಿಕೋಡಿನ ಸಾಮಾನ್ಯ ಏಕರೂಪೀಕರಣ ಒಂದಾಗಿಸುತ್ತದೆ. ಚಿಲ್ಲನ್ನು ಅದು ಮುಟ್ಟುವುದಿಲ್ಲ. ಹಾಗಾಗಿ ಚಿಲ್ಲುಗಳಿಗೆ ಹಳೆರೂಪ, ಹೊಸರೂಪದ ಪಟ್ಟಿ ಮಾಡಿ ‘ಹುಡುಕಿ ಬದಲಿಸು’ ನಡೆಸಲೇಬೇಕು.

ಎಕ್ಸೆಲ್ ಕೆಡಿಸುವ ಬಗೆ

ಫಾಕ್ಸ್‌ಪ್ರೋ ಕಡತಗಳನ್ನು ನಕಲು ಮಾಡುವಾಗ ದಾಖಲೆಗಳಿರುವ ಡಿಬಿಎಫ್ ಕಡತ ಒಂದನ್ನೇ ಎತ್ತಿದರೆ ಷರಾ ಕಾಲಂ ಖಾಲಿ ಬರುತ್ತದೆ. ಉದ್ದದ ಬರಹ ಅದೇ ಹೆಸರಿನ ಎಫ್‌ಪಿಟಿ ಕಡತದಲ್ಲಿರುತ್ತದೆ, ಎರಡೂ ಒಟ್ಟಿಗೆ ಬೇಕು. ಇದಕ್ಕಿಂತ ಅಪಾಯದ್ದು ಅಳಿಸಿದ ದಾಖಲೆಗಳು: ಫಾಕ್ಸ್‌ಪ್ರೋದಲ್ಲಿ ಅಳಿಸಿದ್ದಕ್ಕೆ ಗುರುತು ಮಾತ್ರ ಬೀಳುತ್ತದೆ, ‘ಪ್ಯಾಕ್’ ಆದೇಶ ಕೊಡುವವರೆಗೆ ಅದು ಕಡತದಲ್ಲೇ ಉಳಿಯುತ್ತದೆ. ಬೇರೆ ಉಪಕರಣದಿಂದ ಓದಿದಾಗ ಹತ್ತು ವರ್ಷದ ಹಿಂದೆ ರದ್ದಾದ ಚೀಟಿಗಳೂ ಜೀವ ತಳೆದು ಬರಬಹುದು. ‘ಸೆಟ್ ಡಿಲೀಟೆಡ್ ಆನ್’ ಕೊಟ್ಟು ಹೊರತೆಗೆಯಿರಿ, ಹೊರಬಂದ ಸಾಲುಗಳ ಸಂಖ್ಯೆಯನ್ನು ಬರೆದಿಡಿ.

ಹೀಗೆ ಹೊರತೆಗೆದ ಸಿಎಸ್‌ವಿ ಕಡತವನ್ನು (ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸಿದ ಪಠ್ಯ ಕಡತವನ್ನು) ಎರಡು ಸಲ ಒತ್ತಿ ಎಕ್ಸೆಲಿನಲ್ಲಿ ತೆರೆಯಬೇಡಿ. ಎಕ್ಸೆಲ್ 15 ಅಂಕೆಗಳವರೆಗೆ ಮಾತ್ರ ಸಂಖ್ಯೆಯನ್ನು ನಿಖರವಾಗಿ ಹಿಡಿಯುತ್ತದೆ, 16 ಅಂಕೆಯ ಬ್ಯಾಂಕ್ ಖಾತೆಯ ಕೊನೆಯ ಅಂಕೆ ಸೊನ್ನೆಯಾಗುತ್ತದೆ. ಸಂಖ್ಯೆಯ ಆರಂಭದ ಸೊನ್ನೆಗಳು ಮಾಯವಾಗುತ್ತವೆ. ತಾರೀಕು ಇನ್ನೂ ಕೆಟ್ಟದ್ದು. ಕಂಪ್ಯೂಟರ್ ಅಮೆರಿಕದ ಕ್ರಮದಲ್ಲಿದ್ದರೆ ಏಪ್ರಿಲ್ 3ರ ಖರೀದಿ ಮಾರ್ಚ್ 4 ಆಗುತ್ತದೆ, ಅಂದರೆ ಹಿಂದಿನ ಹಣಕಾಸು ವರ್ಷಕ್ಕೆ ಜಿಗಿಯುತ್ತದೆ. ತಿಂಗಳ 1ರಿಂದ 12ರವರೆಗಿನ ತಾರೀಕುಗಳಿಗೆ ಹೀಗಾಗುತ್ತದೆ, 13ರಿಂದ ಮುಂದಿನವು ಬರೀ ಅಕ್ಷರಗಳಾಗಿ ನಿಲ್ಲುತ್ತವೆ. ಅರ್ಧ ಸರಿಯಿರುವಂತೆ ಕಾಣುವುದರಿಂದಲೇ ಇದು ಬೇಗ ಕಣ್ಣಿಗೆ ಬೀಳದು. ಎಕ್ಸೆಲಿನ ‘ಡೇಟಾ’ ಮೆನುವಿನಿಂದ ಕಡತವನ್ನು ಒಳತನ್ನಿ, ಯುಟಿಎಫ್-8 ಆರಿಸಿ, ಎಲ್ಲ ಕಾಲಂಗಳನ್ನೂ ‘ಟೆಕ್ಸ್ಟ್’ ಎಂದೇ ತೆಗೆದುಕೊಳ್ಳಿ. ತಾರೀಕನ್ನು ವರ್ಷ-ತಿಂಗಳು-ದಿನ ಕ್ರಮಕ್ಕೆ ತಿರುಗಿಸುವುದು ಆಮೇಲೆ.

ಗಡಿ ದಾಟುವ ವ್ಯಾಪಾರ, ಬದಲಾದ ಬ್ಯಾಂಕು

ನಮ್ಮ ಖರೀದಿದಾರರಲ್ಲಿ ಪುತ್ತೂರು, ವಿಟ್ಲ, ಮಂಗಳೂರಿನವರು ಬಹಳ. ಹೊಸ ಸಾಫ್ಟ್‌ವೇರಿಗೆ ತುಂಬುವಾಗ ರಾಜ್ಯದ ಕಾಲಂ ಖಾಲಿ ಬಿಟ್ಟರೆ ಅಂಗಡಿಯ ರಾಜ್ಯವೇ ತಾನಾಗಿ ಕೂರಬಹುದು. ಆಗ ಐಜಿಎಸ್‌ಟಿ (ಬೇರೆ ರಾಜ್ಯದ ಮಾರಾಟದ ತೆರಿಗೆ) ಬೀಳಬೇಕಾದ ಬಿಲ್ಲಿಗೆ ರಾಜ್ಯದೊಳಗಿನ ಮಾರಾಟದ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಬೀಳುತ್ತದೆ. ಜಿಎಸ್‌ಟಿ ನಂಬರ್ 15 ಸ್ಥಾನದ್ದು. ಮೊದಲ ಎರಡು ರಾಜ್ಯದ್ದು: ಕೇರಳ 32, ಕರ್ನಾಟಕ 29. ಮುಂದಿನ ಹತ್ತು ಪ್ಯಾನ್; ಅದರಲ್ಲಿ ಐದು ಅಕ್ಷರ, ನಾಲ್ಕು ಅಂಕೆ, ಒಂದು ಅಕ್ಷರ. ಸೊನ್ನೆಗೂ ‘ಓ’ಗೂ ಆಗುವ ಗೊಂದಲವನ್ನು ಈ ಭಾಗದಲ್ಲಿ ಸ್ಥಾನ ನೋಡಿಯೇ ತಿದ್ದಬಹುದು. ಜಿಎಸ್‌ಟಿ ಇಲ್ಲದ ಕೃಷಿಕರಿಗೆ ಪಿನ್‌ಕೋಡ್ ನೋಡಿ: 671ರಿಂದ ಶುರುವಾದರೆ ಕಾಸರಗೋಡು ಕಡೆ, 574 ಅಥವಾ 575 ಆದರೆ ದಕ್ಷಿಣ ಕನ್ನಡದ ಕಡೆ.

ಸರಕಿನ ಪಟ್ಟಿಯಲ್ಲಿ ಹೊಸ ಅಡಿಕೆ, ಹಳೆ ಅಡಿಕೆ, ಪಟೋರ, ಉಳ್ಳಿಗಡ್ಡೆ, ಕರಿಗೋಟು, ಕೋಕ ಎಂಬ ಅಡಿಕೆಯ ಬಗೆಗಳು ಬೇರೆ ಬೇರೆ ಸರಕುಗಳಾಗಿಯೇ ಬರಲಿ, ಎಚ್‌ಎಸ್‌ಎನ್ (ತೆರಿಗೆಗಾಗಿ ಸರಕನ್ನು ವಿಂಗಡಿಸುವ ಸಂಖ್ಯೆ) ಎಲ್ಲಕ್ಕೂ 080280. ತೂಕಕ್ಕೆ ಮೂರು ದಶಾಂಶ ಇಡಿ; ಎರಡೇ ಸ್ಥಾನ ಇಟ್ಟರೆ ಸಾವಿರಾರು ಚೀಟಿಗಳ ಗ್ರಾಂಗಳು ಸೇರಿ ದಾಸ್ತಾನು ಕಿಲೋಗಟ್ಟಲೆ ತಪ್ಪಬಹುದು. ಹಸಿ ಗೇರುಬೀಜ ಕೊಳ್ಳುವವರು ಒಂದು ಗುರುತನ್ನು ಮರೆಯಬಾರದು. ಕೃಷಿಕರಿಂದ ಸಿಪ್ಪೆ ಸಹಿತ ಗೇರುಬೀಜ ಕೊಂಡರೆ ಮಾರಿದವರ ಬದಲು ಕೊಂಡ ನೋಂದಾಯಿತ ವ್ಯಾಪಾರಿಯೇ ರಿವರ್ಸ್ ಚಾರ್ಜಿನಲ್ಲಿ ತೆರಿಗೆ ಕಟ್ಟಬೇಕು, ಅಡಿಕೆಗೆ ಆ ನಿಯಮವಿಲ್ಲ. ಎರಡಕ್ಕೂ ಒಂದೇ ಖರೀದಿ ನಮೂನೆ ಇಟ್ಟರೆ ಎರಡರಲ್ಲೊಂದು ತಪ್ಪುವುದು ಖಂಡಿತ.

ಬ್ಯಾಂಕ್ ವಿವರಗಳನ್ನು ಕಣ್ಣುಮುಚ್ಚಿ ನಕಲು ಮಾಡಬೇಡಿ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ, ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಈ ಕಡೆಯ ಹಳೆ ಪಟ್ಟಿಗಳಲ್ಲಿ ಮೂರರ ಹಳೆ ಐಎಫ್‌ಎಸ್‌ಸಿಗಳೂ (ಬ್ಯಾಂಕ್ ಶಾಖೆಯ ಸಂಕೇತಗಳು) ಹೇರಳ. ಅಂಥ ಖಾತೆಗಳನ್ನು ಸೋಸಿ ತೆಗೆದು, ಹೊಸ ಪಾಸ್‌ಬುಕ್ಕಿನ ಮೊದಲ ಪುಟ ನೋಡಿಯೇ ತುಂಬಿ. ಐಎಫ್‌ಎಸ್‌ಸಿ 11 ಸ್ಥಾನದ್ದು, ಐದನೆಯದು ಯಾವಾಗಲೂ ಸೊನ್ನೆ.

ಬಾಕಿ ತಾಳೆ

ಹಳೆ ಪ್ರೋಗ್ರಾಮುಗಳು ಪ್ರತಿ ಖಾತೆಯ ಚಾಲ್ತಿ ಬಾಕಿಯನ್ನು ಪ್ರತ್ಯೇಕ ಕಾಲಂನಲ್ಲಿ ಬರೆದಿಡುತ್ತವೆ. ಚೀಟಿ ದಾಖಲಾಗಿ ಬಾಕಿ ತಿದ್ದುವ ಮೊದಲೇ ಕರೆಂಟು ಹೋದರೆ ಎರಡೂ ಹೊಂದುವುದಿಲ್ಲ; ಮಳೆಗಾಲದಲ್ಲಿ ಇಲ್ಲಿ ಅದೆಷ್ಟು ಸಲ ಆಗಿರಬಹುದೆಂದು ಹೇಳಬೇಕಾಗಿಲ್ಲ. ಆದ್ದರಿಂದ ಆ ಕಾಲಂ ನಂಬದೆ, ವೋಚರುಗಳನ್ನು ಕೂಡಿ ಬಾಕಿ ಹೊಸದಾಗಿ ತೆಗೆಯಿರಿ. ವ್ಯತ್ಯಾಸ ಬಂದ ಖಾತೆಗಳ ಪಟ್ಟಿಯೇ ಜನವರಿಯ ಕೆಲಸ.

ಕೃಷಿಕರು ಬಂದಾಗಲೆಲ್ಲ ಬಾಕಿ ತೋರಿಸಿ ಒಪ್ಪಿಗೆಯ ಸಹಿ ಹಾಕಿಸಿಕೊಳ್ಳಿ. ಜನವರಿಯಿಂದ ಮಾರ್ಚ್ ಕೊಯ್ಲಿನ ಕಾಲವಾದ್ದರಿಂದ ಹೆಚ್ಚಿನವರು ಹೇಗೂ ಅಂಗಡಿಗೆ ಬರುತ್ತಾರೆ. ದೊಡ್ಡ ಮೊತ್ತದವರಿಗೆ ಫೋನ್ ಮಾಡಿ.

ಮೊತ್ತ ನೋಡುವಾಗ ಜಮೆ ಮತ್ತು ಬಾಕಿಗಳನ್ನು ಬೇರೆ ಬೇರೆ ಕೂಡಬೇಕು. ಒಬ್ಬರ ಜಮೆ 40,000 ಇನ್ನೊಬ್ಬರ ಖಾತೆಗೆ ಹೋದರೆ ಒಟ್ಟು ಮೊತ್ತ ಬದಲಾಗದು, ಹಾಗಾಗಿ ಒಟ್ಟು ಮೊತ್ತ ಹೊಂದಿದ್ದು ಸಾಕೆಂದು ನಿಲ್ಲಬೇಡಿ. ಹಳೆ ಕೋಡ್, ಹೊಸ ಕೋಡ್, ಹಳೆ ಬಾಕಿ, ಹೊಸ ಬಾಕಿ, ವ್ಯತ್ಯಾಸ ಎಂಬ ಐದು ಕಾಲಂಗಳ ಹಾಳೆಯಲ್ಲಿ ಪ್ರತಿ ಸಾಲಿನ ವ್ಯತ್ಯಾಸವೂ ಸೊನ್ನೆಯಾಗಬೇಕು. ದಾಸ್ತಾನನ್ನು ಗೋಣಿಯ ಎಣಿಕೆ ಮತ್ತು ಕಿಲೋ ಎರಡರಲ್ಲೂ ತಾಳೆ ನೋಡಿ.

ತಾಲೀಮು ಮತ್ತು ಮಾರ್ಚ್ 31

ಪೂರ್ತಿ ತಾಲೀಮು ಎರಡು ಸಲವಾದರೂ ಆಗಬೇಕು, ಫೆಬ್ರವರಿಯಲ್ಲೊಂದು, ಮಾರ್ಚ್ ಮಧ್ಯದಲ್ಲೊಂದು. ಪ್ರತಿ ಹಂತಕ್ಕೆ ಎಷ್ಟು ನಿಮಿಷ ಹಿಡಿಯಿತೆಂದು ಬರೆದಿಡಿ. ಒಳಹಾಕುವ ಕ್ರಮ ಹೀಗೆ: ಗುಂಪುಗಳು, ಖಾತೆಗಳು, ಅಳತೆಯ ಘಟಕಗಳು, ಗೋದಾಮುಗಳು, ಸರಕು, ಆಮೇಲೆ ಬಿಲ್ಲುವಾರು ಬಾಕಿ, ಕೊನೆಗೆ ದಾಸ್ತಾನು. ಕ್ರಮ ತಪ್ಪಿದರೆ ಇಲ್ಲದ ಖಾತೆಗೆ ಬಾಕಿ ಹಾಕಲು ಹೋಗಿ ಸಾಲುಗಳು ತಿರಸ್ಕೃತವಾಗುತ್ತವೆ. ತಿರಸ್ಕೃತ ಸಾಲುಗಳನ್ನು ಹೊಸದರಲ್ಲಿ ಕೈಯಿಂದ ಸೇರಿಸಬೇಡಿ. ಮೂಲ ಹಾಳೆಯನ್ನು ತಿದ್ದಿ ಮತ್ತೆ ಮೊದಲಿನಿಂದ ಹಾಕಿ. ಕೈಯಿಂದ ಮಾಡಿದ್ದು ಮುಂದಿನ ಸಲ ಮರೆತುಹೋಗುತ್ತದೆ.

ಮಾರ್ಚ್ 31ರ ಸಂಜೆ ಕೊನೆಯ ಚೀಟಿ ಹರಿದ ಮೇಲೆ ಹಳೆ ಪ್ರೋಗ್ರಾಮನ್ನು ನಿಲ್ಲಿಸಿ. ಮೂರು ಬ್ಯಾಕಪ್ ತೆಗೆದು, ಒಂದನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ತೆರೆಯದ ಬ್ಯಾಕಪ್ಪನ್ನು ಲೆಕ್ಕಕ್ಕೆ ಹಿಡಿಯಬೇಡಿ. ಗೋಣಿ ಎಣಿಕೆ ಅದೇ ರಾತ್ರಿ. ಏಪ್ರಿಲ್ 1ರಂದು ಬ್ಯಾಂಕುಗಳು ವಾರ್ಷಿಕ ಲೆಕ್ಕಕ್ಕಾಗಿ ಗ್ರಾಹಕರಿಗೆ ಮುಚ್ಚಿರುವುದರಿಂದ ಒಳಹಾಕಲು ಅದು ಒಳ್ಳೆಯ ದಿನ. ಮಧ್ಯಾಹ್ನ 2 ಗಂಟೆಗೆ ತಾಳೆ ಹಾಳೆಯಲ್ಲಿ ವ್ಯತ್ಯಾಸ ಉಳಿದಿದ್ದರೆ ಹಳೆಯದರಲ್ಲೇ ಮುಂದುವರಿಯುವುದು ಎಂದು ಮೊದಲೇ ನಿರ್ಧರಿಸಿ ಬರೆದಿಡಿ. ದಣಿದ ಹೊತ್ತಿನಲ್ಲಿ ‘ನಾಳೆ ಸರಿ ಮಾಡೋಣ’ ಎನ್ನುವುದು ಸುಲಭ, ನಾಳೆಯ ಚೀಟಿಗಳು ಅದರ ಮೇಲೆ ಬಿದ್ದ ನಂತರ ಬಿಡಿಸುವುದು ಕಷ್ಟ.

ಹೊಸ ಬಿಲ್ಲಿನ ಸರಣಿ ಹಳೆಯದಕ್ಕಿಂತ ಬೇರೆಯೇ ಇರಲಿ, 16 ಸ್ಥಾನ ಮೀರಬಾರದು. ತಿಂಗಳಿಗೊಮ್ಮೆ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರು ಮಾರ್ಚ್ ತಿಂಗಳ ಜಿಎಸ್‌ಟಿಆರ್-1 ಅನ್ನು ಏಪ್ರಿಲ್ 11ಕ್ಕೆ, 3ಬಿಯನ್ನು 20ಕ್ಕೆ ಸಲ್ಲಿಸಬೇಕು, ಅವುಗಳ ಅಂಕಿಗಳು ಹಳೆಯದರಿಂದಲೇ ಬರಬೇಕು. ಆಡಿಟ್ ಮುಗಿದಾಗ ಆರಂಭದ ಬಾಕಿಗಳಲ್ಲಿ ಒಂದಿಷ್ಟು ಬದಲಾವಣೆ ಬಂದೇ ಬರುತ್ತದೆ. ಆಗ ಹಳೆಯದರಲ್ಲಿ ತಿದ್ದಿದ್ದನ್ನು ಹೊಸದರಲ್ಲೂ ಅದೇ ದಿನ ತಿದ್ದುವ ಹೊಣೆ ಒಬ್ಬರ ಮೇಲಿರಲಿ.

ಜಿಎಸ್‌ಟಿ ಕಾಯ್ದೆಯಂತೆ ದಾಖಲೆಗಳನ್ನು ಆ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಕಡತದ ಜೊತೆ ಅದನ್ನು ತೆರೆಯುವ ಪ್ರೋಗ್ರಾಂ, ಹಳೆ ಫಾಂಟು, ಪಾಸ್‌ವರ್ಡ್ ಬರೆದ ಲಕೋಟೆ ಮೂರೂ ಇರಬೇಕು. ಹಳೆ ಕೋಡ್, ಹೊಸ ಕೋಡ್ ಜೋಡಿಸಿದ ಪಟ್ಟಿಯ ಒಂದು ಮುದ್ರಿತ ಪ್ರತಿಯನ್ನು ತೂಕದ ಮೇಜಿನ ಬಳಿ ತೂಗುಹಾಕಿ. ಹಳೆ ಚೀಟಿ ಹಿಡಿದು ಬರುವ ಕೃಷಿಕರು ಹೇಳುವುದು ಹಳೆ ನಂಬರನ್ನೇ.