ಹೆಸರಿನ ಪಟ್ಟಿಯನ್ನು ಸರಿಯಾಗಿ ಕಲಸುವುದು ಹೇಗೆ?

ಬಾಗಲಕೋಟೆ ಕಡೆ ಶಾಲೆಯ ಭಾಷಣ ಸ್ಪರ್ಧೆಗೆ ಪಟ್ಟಿ ಮಾಡುವವರಿಗೆ ಇದನ್ನು ಬರೆಯುತ್ತಿದ್ದೇನೆ. ಅಕ್ಷರಮಾಲೆ ಪ್ರಕಾರ ಕರೆದರೆ ಅಕ್ಷತಾ ಪ್ರತಿ ಸಲ ಮೊದಲು ಮೈಕ್ ಹಿಡಿಯಬೇಕು, ಹನುಮಂತ ಸಂಜೆವರೆಗೂ ಕಾಯಬೇಕು. ಮಕ್ಕಳಿಗೆ ಇದು ಅನ್ಯಾಯ ಅಲ್ವಾ? ಮನಸ್ಸಿಗೆ ಬಂದಂತೆ ಹಿಂದೆ ಮುಂದೆ ಮಾಡುವುದೂ ಬೇಡ, ಪರಿಚಯದ ಮಕ್ಕಳು ಗೊತ್ತಿಲ್ಲದೆಯೇ ಒಳ್ಳೆ ಜಾಗಕ್ಕೆ ಹೋಗಿಬಿಡುತ್ತಾರೆ. ಬರೀ 10 ಹೆಸರನ್ನು 36,28,800 ರೀತಿ ಜೋಡಿಸಬಹುದು. ಆ ಪ್ರತಿಯೊಂದು ಜೋಡಣೆಗೂ ಸಮಾನ ಅವಕಾಶ ಸಿಗಬೇಕು.

ಮೊದಲು ಪಟ್ಟಿ ಸ್ವಚ್ಛ ಮಾಡಿ. ವಾಟ್ಸಾಪ್‌ನಿಂದ ಬಂದಿದ್ದರೆ ಹೆಸರಿನ ಹಿಂದಿರುವ 1, 2, 3 ತೆಗೆಯಿರಿ, ಖಾಲಿ ಸಾಲು ಅಳಿಸಿ, ಎರಡು ಸಲ ಬಂದ ಹೆಸರು ನೋಡಿ.

ಆಮೇಲೆ ಗೂಗಲ್ ಶೀಟ್ಸ್‌ನಲ್ಲಿ ಒಂದು ಸಾಲಿಗೆ ಒಂದು ಹೆಸರಿನಂತೆ ಅಂಟಿಸಿ, ಆಯ್ಕೆ ಮಾಡಿ, ಡೇಟಾ ಮೆನುವಿನಲ್ಲಿ ರ್‍ಯಾಂಡಮೈಸ್ ರೇಂಜ್ ಒತ್ತಿ. ಮುಗಿಯಿತು. ಆದರೆ ಪಕ್ಕದಲ್ಲಿ ಶಾಲೆ, ಫೋನ್ ನಂಬರ್ ಇದ್ದರೆ ಎಲ್ಲ ಕಾಲಂಗಳನ್ನೂ ಒಟ್ಟಿಗೇ ಆಯ್ಕೆ ಮಾಡಬೇಕು, ಇಲ್ಲದಿದ್ದರೆ ಹೆಸರು ಮಾತ್ರ ಜಾಗ ಬದಲಿಸಿ ಜಮಖಂಡಿಯ ಹುಡುಗಿಯ ಎದುರು ಮುಧೋಳದ ಹುಡುಗನ ನಂಬರ್ ಕೂತಿರುತ್ತದೆ. ದಯವಿಟ್ಟು ಇದನ್ನು ಮರೆಯಬೇಡಿ.

ಎಕ್ಸೆಲ್‌ನಲ್ಲಿ ಆ ಮೆನು ಇಲ್ಲ. ಪಕ್ಕದ ಖಾಲಿ ಕಾಲಂನಲ್ಲಿ ರ್‍ಯಾಂಡ್ ಫಾರ್ಮುಲಾ ಹಾಕಿ (=RAND() ಅಂತ, ಮೊದಲು ಈಕ್ವಲ್ ಚಿಹ್ನೆ, ಕೊನೆಗೆ ಖಾಲಿ ಬ್ರಾಕೆಟ್), ಕೆಳಗಿನವರೆಗೂ ಎಳೆಯಿರಿ. ಪ್ರತಿ ಹೆಸರಿಗೂ 0 ಮತ್ತು 1ರ ನಡುವಿನ ಒಂದು ಸಂಖ್ಯೆ ಬರುತ್ತದೆ. ಆ ಕಾಲಂ ಪ್ರಕಾರ ಸಾರ್ಟ್ ಮಾಡಿ. ಸಾರ್ಟ್ ಆದ ಕೂಡಲೇ ಸಂಖ್ಯೆಗಳು ಮತ್ತೆ ಬದಲಾಗಿ ಅಡ್ಡಾದಿಡ್ಡಿ ಕಾಣುತ್ತವೆ, ಗಾಬರಿ ಬೇಡ, ಹಾಳೆಯಲ್ಲಿ ಏನೇ ಬದಲಾದರೂ ಆ ಫಾರ್ಮುಲಾ ಹೊಸ ಸಂಖ್ಯೆ ಕೊಡುತ್ತದೆ. ಹೆಸರುಗಳು ಸರಿಯಾಗಿಯೇ ಕಲಸಿರುತ್ತವೆ. ಇನ್ನು ಆ ಕಾಲಂ ಅಳಿಸಿಬಿಡಿ.

ಲಿನಕ್ಸ್ ಬಳಸುವವರಿಗೆ ಸಾಲುಗಳನ್ನು ಕಲಸುವ ಶಫ್ (shuf) ಕಮಾಂಡ್ ಸಾಕು. ಸಾರ್ಟ್ ಕಮಾಂಡಿನಲ್ಲೂ ರ್‍ಯಾಂಡಮ್ ಆಯ್ಕೆ ಇದೆ, ಆದರೆ ಅದು ಒಂದೇ ರೀತಿಯ ಸಾಲುಗಳನ್ನು ಒಟ್ಟಿಗೇ ಇಡುತ್ತದೆ. ಕಂಪ್ಯೂಟರ್ ಇಲ್ಲದಿದ್ದರೆ ಒಂದೇ ಅಳತೆಯ ಚೀಟಿ ಮಡಚಿ ಡಬ್ಬಿಯಲ್ಲಿ ಚೆನ್ನಾಗಿ ಕುಲುಕಿ ಒಂದೊಂದಾಗಿ ಎತ್ತಿ. ಎತ್ತಿದ್ದನ್ನು ಮತ್ತೆ ಒಳಗೆ ಹಾಕಬಾರದು, ಅಷ್ಟೇ. ಸಂಖ್ಯಾಶಾಸ್ತ್ರಜ್ಞರಾದ ಫಿಶರ್ ಮತ್ತು ಯೇಟ್ಸ್ 1938ರಲ್ಲಿ ಬರೆದ ಕಲಸುವ ವಿಧಾನದ ತಿರುಳೂ ಇದೇ.

ಒಂದೇ ಶಾಲೆಯ ಇಬ್ಬರು ಅಕ್ಕಪಕ್ಕ ಬಂದರೆ ಸುಮ್ನೆ ಮತ್ತೆ ಕಲಸಬೇಡಿ. ಇಷ್ಟವಾಗುವವರೆಗೆ ಕಲಸಿದರೆ ಅದು ನಿಮ್ಮ ಆಯ್ಕೆಯೇ ಆಗುತ್ತದೆ. ಹಾಗೆ ಬರಬಾರದು ಅಂತಿದ್ದರೆ ಆ ನಿಯಮವನ್ನು ಮೊದಲೇ ಎಲ್ಲರಿಗೂ ಹೇಳಿ, ಶಿಕ್ಷಕರ ಎದುರಿಗೇ ಕಲಸಿ, ಹೊಸ ಕ್ರಮಸಂಖ್ಯೆ ಹಾಕಿ ಆಗಲೇ ಪ್ರಿಂಟ್ ತೆಗೆಯಿರಿ.